ಎಫ್‌ಐ (ಫ್ಯುಯಲ್ ಇಂಜೆಕ್ಷನ್) ಬೈಕಿನ ಟೆಂಪರೇಚರ್ ಸೆನ್ಸರ್ ಚೇಂಜ್ ಮಾಡೋದು ಹೇಗೆ (ದುಡ್ಡು ಕೊಡೋ ಮುಂಚೆ ಮಲ್ಟಿಮೀಟರ್ ಹಿಡೀರಿ)

ಬೆಳಿಗ್ಗೆ ಎಷ್ಟ್ ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗಲ್ಲ, ಮೈಲೇಜ್ ಬಿದ್ದೋಗಿದೆ, ಸೈಲೆನ್ಸರಿಂದ ಪೆಟ್ರೋಲ್ ವಾಸನೆ, ಇಲ್ಲಾ ಇಂಜಿನ್ ತಣ್ಣಗಿದ್ರೂ ರೇಡಿಯೇಟರ್ ಫ್ಯಾನ್ ತಿರುಗ್ತಿದೆ, ಜೊತೆಗೆ ಮೀಟರಲ್ಲಿ ಇಂಜಿನ್ ಲೈಟ್ ಬೇರೆ. ಹಿಂಗಿದ್ರೆ ಟೆಂಪರೇಚರ್ ಸೆನ್ಸರ್ ಕಡೆ ನೋಡ್ಬೇಕು. ಎಫ್‌ಐ ಬೈಕಲ್ಲಿ ಚೋಕ್ ಎಳೆಯೋ ಕೆಲಸ ಇಲ್ವಲ್ಲ, ಇಂಜಿನ್ ತಣ್ಣಗಿದ್ಯಾ ಬಿಸಿ ಇದ್ಯಾ ಅಂತ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ಹೇಳೋದೇ ಈ ಸೆನ್ಸರ್, ಅದು ಸುಳ್ಳು ಹೇಳಿದ್ರೆ ಪೆಟ್ರೋಲ್ ಲೆಕ್ಕ ಪೂರ್ತಿ ತಪ್ಪುತ್ತೆ.

ಡ್ಯೂಕ್, ಆರ್15 ತರ ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಇರೋ ಬೈಕಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಹೆಡ್ ಅಥವಾ ಥರ್ಮೋಸ್ಟಾಟ್ ಹತ್ರ ಇರುತ್ತೆ. ಗಾಳಿ ಟೆಂಪರೇಚರ್ ಸೆನ್ಸರ್ ಬೇರೆ, ಅದು ಏರ್ ಬಾಕ್ಸಲ್ಲೋ ಥ್ರಾಟಲ್ ಬಾಡಿ ಮೇಲೋ ಇರುತ್ತೆ.

ಸ್ಕ್ಯಾನರಲ್ಲಿ (ಇಸಿಯುನ ಎರರ್ ಕೋಡ್ ಓದೋ ಸಾಧನ) ಪಿ0118 ಅನ್ನೋ ಕೋಡ್ ಬಂತು ಅಂದ್ರೆ ತಕ್ಷಣ ಹೊಸ ಸೆನ್ಸರ್ ಆರ್ಡರ್ ಮಾಡ್ಬೇಡಿ ದಯವಿಟ್ಟು. ಆ ಕೋಡ್ ಹೇಳೋದು ವೋಲ್ಟೇಜ್ ಜಾಸ್ತಿ ಬರ್ತಿದೆ ಅಂತ ಅಷ್ಟೇ, ಅಂದ್ರೆ ಎಲ್ಲೋ ಸರ್ಕ್ಯೂಟ್ ಓಪನ್ ಆಗಿರಬಹುದು, ಪ್ರೆಶರ್ ವಾಶಲ್ಲಿ ನೀರು ಹೋಗಿ ಕನೆಕ್ಟರ್ ಪಿನ್ ಹಸಿರುಗಟ್ಟಿದ್ರೂ ಇದೇ ಬರುತ್ತೆ. ಪಿ0117 ಆದ್ರೆ ಉಲ್ಟಾ, ಶಾರ್ಟ್ ಇರಬಹುದು. ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ. ಆಮೇಲೆ ಕೀ ಆನ್ ಮಾಡಿ ವೈರಿಂಗ್ ಕಡೆಯ ಎರಡು ಪಿನ್ ಮಧ್ಯೆ ಅಳೆದ್ರೆ ಸುಮಾರು 5 ವೋಲ್ಟ್ ಬರ್ಬೇಕು. ಬರ್ಲಿಲ್ವಾ, ತೊಂದ್ರೆ ವೈರಲ್ಲೋ ಇಸಿಯುನಲ್ಲೋ ಇದೆ, ಹೊಸ ಸೆನ್ಸರ್ ಹಾಕಿದ್ರೂ ಉಪಯೋಗ ಇಲ್ಲ. ಸೆನ್ಸರ್ ಕಡೆ ಓಮ್ಸಲ್ಲಿ ನೋಡಿ, ಬಿಸಿ ಏರ್ತಿದ್ದಂಗೆ ರೆಸಿಸ್ಟೆನ್ಸ್ ಇಳೀಬೇಕು: ತುಂಬಾ ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ 2ರಿಂದ 2.5 ಕಿಲೋಓಮ್, 80 ಡಿಗ್ರಿಗೆ 300 ಓಮ್ ಆಸುಪಾಸು. ನಿಮ್ಮ ಬೈಕಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್ಲಲ್ಲಿರುತ್ತೆ.

ಸೆನ್ಸರೇ ಹೋಗಿದೆ ಅಂತ ಗ್ಯಾರಂಟಿ ಆಯ್ತಾ, ಇಂಜಿನ್ ಪೂರ್ತಿ ತಣ್ಣಗಾಗೋಕೆ ಬಿಡಿ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಲೇಬೇಡಿ, ಕೂಲಂಟ್ ಚಿಮ್ಮಿ ಕೈ ಮುಖ ಸುಡುತ್ತೆ. ಬ್ಯಾಟರಿ ನೆಗೆಟಿವ್ ತೆಗೀರಿ. ಟ್ಯಾಂಕ್ ಎತ್ತಬೇಕಾದ್ರೆ ನೆನಪಿರಲಿ, ಎಫ್‌ಐ ಪೆಟ್ರೋಲ್ ಪೈಪಲ್ಲಿ ಪ್ರೆಶರ್ ಇರುತ್ತೆ, ಬ್ಯಾಟರಿ ತೆಗೆಯೋ ಮೊದಲೇ ಪೆಟ್ರೋಲ್ ಪಂಪ್ ಕನೆಕ್ಟರ್ ತೆಗೆದು ಇಂಜಿನ್ ತಾನಾಗೇ ಆಫ್ ಆಗೋವರೆಗೂ ಓಡಿಸಿ, ಆಮೇಲೆ ತಣ್ಣಗಾದ್ಮೇಲೆ ಪೈಪ್ ಬಿಚ್ಚಿ.

ಕೂಲಂಟಿನ ಮಟ್ಟ ಸೆನ್ಸರಿಗಿಂತ ಕೆಳಗೆ ಬರೋವರೆಗೂ ಡ್ರೈನ್ ಮಾಡಿ, ಡೀಪ್ ಸಾಕೆಟ್ ಹಾಕಿ ಹಳೇದು ಬಿಚ್ಚಿ. ಹೊಸದಕ್ಕೆ ಹೊಸ ವಾಷರ್ ಅಥವಾ ಓ ರಿಂಗ್ ಹಾಕ್ಲೇಬೇಕು. ಮೊದ್ಲು ಕೈಯಲ್ಲೇ ತಿರುಗಿಸಿ ಥ್ರೆಡ್ ನೇರ ಕೂತ್ಕೊಳ್ಳಲಿ, ಯಾಕಂದ್ರೆ ಹೆಡ್ ಅಲ್ಯೂಮಿನಿಯಂ, ಥ್ರೆಡ್ ಹೋದ್ರೆ ಸೆನ್ಸರಿಗಿಂತ ತುಂಬಾ ಜಾಸ್ತಿ ಖರ್ಚು ಬರಬಹುದು. ಟೈಟ್ ಮಾಡೋಕೆ ಟಾರ್ಕ್ ರೆಂಚೇ (ಎಷ್ಟು ಬಿಗಿ ಅಂತ ಅಳೆದು ತಿರುಗಿಸೋ ಸ್ಪ್ಯಾನರ್) ಬೇಕು. ಮ್ಯಾನ್ಯುಯಲ್ ಹೇಳದೆ ಟೆಫ್ಲಾನ್ ಟೇಪ್ ಸುತ್ತಬೇಡಿ.

ನಲ್ಲಿ ನೀರು ಬೇಡ, ಮಿಕ್ಸ್ ಆಗಿ ಬರೋ ಕೂಲಂಟೇ ತುಂಬಿ. ಕ್ಯಾಪ್ ತೆಗೆದಿಟ್ಟು ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲೋವರೆಗೂ ಐಡಲಲ್ಲಿ ಬಿಟ್ಟು, ಲೆವೆಲ್ ಇಳಿದಷ್ಟು ಹಾಕಿ ಕ್ಯಾಪ್ ಮುಚ್ಚಿ. ಕೋಡ್ ಕ್ಲಿಯರ್ ಮಾಡಿ. ರಾತ್ರಿ ಪೂರ್ತಿ ಬೈಕ್ ನಿಂತ್ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸ್ಕ್ಯಾನರಲ್ಲಿ ಲೈವ್ ಡೇಟಾ ತೆಗೆದು ನೋಡಿ, ಇಂಜಿನ್ ಟೆಂಪರೇಚರ್ರೂ ಗಾಳಿ ಟೆಂಪರೇಚರ್ರೂ ಹೆಚ್ಚುಕಮ್ಮಿ ಒಂದೇ ತೋರಿಸ್ಬೇಕು, ತೋರಿಸಿದ್ರೆ ಕೆಲ್ಸ ಸರಿಯಾಗಿದೆ.