ಬಯಲಿನ ಕ್ರಿಸ್ಮಸ್ ಸಂಜೆಗೆ ಪುಟ್ಟ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಕ್ಯಾರಲ್ ಹಾಡುವವರು ಮೂರನೇ ಹಾಡಿಗೆ ಬರುವಷ್ಟರಲ್ಲಿ ಬಯಲಿನ ಯಾವುದಾದರೂ ಮೂಲೆಯಲ್ಲಿ ಒಂದು ಮಗು ರಚ್ಚೆ ಹಿಡಿದಿರುತ್ತದೆ. ಹಸಿವಿರಬೇಕು, ನಿದ್ದೆ ಬಂದಿರಬೇಕು ಎಂದು ಹೆತ್ತವರು ಊಹಿಸುತ್ತಾರೆ. ಶೂ ಬಿಚ್ಚಿ ನೋಡುವವರು ಕಡಿಮೆ. ಕಳೆದ ಸಲ ನನ್ನ ಪಕ್ಕದಲ್ಲೇ ನಾಲ್ಕು ವರ್ಷದ ಹುಡುಗಿಯೊಬ್ಬಳು ಹೀಗೆ ಅಳುತ್ತಿದ್ದಳು. ಶೂ ಕಳಚಿದರೆ ಒಳಗೆ ಎರಡು ಜೊತೆ ಕಾಲುಚೀಲ. ಬೆರಳುಗಳು ಬಿಳಿಚಿಕೊಂಡು, ಅವುಗಳ ಮೇಲೆ ಹೆಣಿಗೆಯ ಅಚ್ಚು ಮೂಡಿತ್ತು. ದಪ್ಪ ಜಾಕೆಟ್ಟಿನ ಕೆಳಗೆ ಹತ್ತಿಯ ಬನಿಯನ್ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಬಟ್ಟೆ ಕಡಿಮೆಯಾಗಿರಲಿಲ್ಲ, ತೊಡಿಸಿದ ರೀತಿ ತಪ್ಪಾಗಿತ್ತು.

ಹೊರಡುವ ಮೊದಲು ಹೊಟ್ಟೆ ತುಂಬಿಸಿ, ಮಧ್ಯಾಹ್ನ ಮಲಗಿಸಿ, ಬಟ್ಟೆ ತೊಡಿಸುವ ಮುನ್ನ ಶೌಚಕ್ಕೆ ಕರೆದೊಯ್ಯಿರಿ. ಇಷ್ಟು ಎಲ್ಲರಿಗೂ ಗೊತ್ತು.

ಮುಂದಿನದು ಬಟ್ಟೆ. ಎಡವುವುದೇ ಇಲ್ಲಿ. ದಪ್ಪನೆಯ ಒಂದು ಜಾಕೆಟ್ಟಿಗಿಂತ ತೆಳುವಾದ ಮೂರು ಪದರ ಮೇಲು. ಮೈಗೆ ತಾಗುವ ಪದರ ತೆಳು ಉಣ್ಣೆಯದೋ ಪಾಲಿಯೆಸ್ಟರ್ ಥರ್ಮಲ್ಲೋ ಆಗಿರಲಿ. ಹತ್ತಿ ಬೇಡವೇ ಬೇಡ. ಅದು ಬೆವರು ಕುಡಿದು ಬೇಗ ಒಣಗುವುದಿಲ್ಲ, ಒದ್ದೆ ಬಟ್ಟೆ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್ ಎಂಬ ಮೆತ್ತನೆಯ ತುಪ್ಪಳದಂಥ ಬಟ್ಟೆಯ ಅಂಗಿ, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಜಾಕೆಟ್. ಪುಟ್ಟ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಬಿಸಿ ಬೇಗ ಸೋರಿಹೋಗುತ್ತದೆ. ನಿಮಗೆ ಎರಡು ಪದರ ಸಾಕೆನಿಸಿದರೆ ಮಗುವಿಗೆ ಮೂರು ಹಾಕಿ. ಆದರೆ ಕೊನೆಯ ಪದರವನ್ನು ಬಯಲಿಗೆ ಕಾಲಿಡುವಾಗಷ್ಟೇ ತೊಡಿಸಿ. ಮನೆಯೊಳಗೇ ತೊಡಿಸಿ ಚಪ್ಪಲಿ, ಬೀಗ ಎಂದು ಹುಡುಕುತ್ತಾ ನಿಂತರೆ ಮಗು ಬೆವರುವುದು ಅಲ್ಲೇ.

ಕಾರಿನಲ್ಲಿ ಹೋಗುವವರು ಇನ್ನೊಂದು ಗಮನಿಸಬೇಕು. ಉಬ್ಬಿದ ಜಾಕೆಟ್ಟಿನ ಮೇಲೆ ಸೀಟ್ ಬೆಲ್ಟ್ ಬಿಗಿದರೆ ಅಪಘಾತದ ಹೊಡೆತಕ್ಕೆ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲಾಗುತ್ತದೆ. ಜಾಕೆಟ್ ಕಳಚಿ, ಬೆಲ್ಟ್ ಬಿಗಿದು, ಆಮೇಲೆ ಅದನ್ನೇ ಹೊದಿಕೆಯಂತೆ ಮೇಲೆ ಹಾಕಿ.

ಪಾದಕ್ಕೆ ಒಂದೇ ಜೊತೆ ಉಣ್ಣೆಯ ಕಾಲುಚೀಲ, ಬೆರಳಾಡಿಸಲು ಜಾಗವಿರುವ ಶೂ. ಬಿಗಿ ಶೂಗೆ ಎರಡು ಜೊತೆ ತುರುಕಿದರೆ ರಕ್ತದ ಓಡಾಟ ಕಡಿಮೆಯಾಗುತ್ತದೆ, ಬಿಸಿ ಹಿಡಿದಿಡುವ ಗಾಳಿಗೂ ಜಾಗವಿರುವುದಿಲ್ಲ. ನಿಂತಲ್ಲೇ ನಿಂತರೆ ತಣ್ಣನೆಯ ನೆಲ ಪಾದದ ಬಿಸಿ ಹೀರುತ್ತದೆ. ನಾನು ಯಾವಾಗಲೂ ಒಂದು ರಟ್ಟಿನ ತುಂಡು ಒಯ್ಯುತ್ತೇನೆ, ಮಕ್ಕಳು ಅದರ ಮೇಲೆ ನಿಲ್ಲುತ್ತಾರೆ. ಕೈಗೆ ಬೆರಳು ಬೆರಳಿನ ಗ್ಲೌಸ್ ಬೇಡ. ನಾಲ್ಕೂ ಬೆರಳು ಒಟ್ಟಿಗೆ ಇರುವ ಕೈಗವಸಿನಲ್ಲಿ ಅವು ಒಂದನ್ನೊಂದು ಬೆಚ್ಚಗಿಡುತ್ತವೆ. ಉದ್ದನೆಯ ಮಫ್ಲರ್ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿದೀತು, ಬದಲಿಗೆ ಕತ್ತಿನ ಸುತ್ತ ಕೂರುವ ಕೊಳವೆಯಂಥದ್ದು ಹಾಕಿ. ಬಿಸಿಯಾಗುವ ಪುಟ್ಟ ಪೊಟ್ಟಣಗಳನ್ನು ಮಕ್ಕಳ ಜೇಬಿಗೆ ಹಾಕುವ ಅಡ್ಡದಾರಿ ನನಗೆ ಸುತರಾಂ ಒಪ್ಪಿಗೆಯಿಲ್ಲ, ಎಳೆ ಚರ್ಮ ಸುಟ್ಟೀತು.

ಹಸುಗೂಸು ನಡುಗುತ್ತಿಲ್ಲವಲ್ಲ, ಚಳಿಯಿರಲಿಕ್ಕಿಲ್ಲ ಎಂದುಕೊಳ್ಳಬೇಡಿ. ಅಷ್ಟು ಎಳೆಯ ಮಕ್ಕಳಿಗೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎದೆಗೆ ಕಟ್ಟಿಕೊಂಡಿದ್ದರೆ ಮುಖ ಕಾಣುತ್ತಿರಲಿ, ಮಗುವಿನ ಗದ್ದ ಅದರ ಎದೆಗೇ ಒತ್ತದಿರಲಿ. ತಳ್ಳುಗಾಡಿಗೆ ಪೂರ್ತಿ ಕಂಬಳಿ ಮುಚ್ಚಿದರೆ ಒಳಗೆ ಗಾಳಿಯಾಡುವುದಿಲ್ಲ. ಕೈ ಮುಟ್ಟಿ ಚಳಿ ಅಳೆಯಬೇಡಿ, ಎಳೆಯರ ಕೈ ತಣ್ಣಗಿರುವುದು ಸಹಜ. ಇಪ್ಪತ್ತು ನಿಮಿಷಕ್ಕೊಮ್ಮೆ ಕತ್ತಿನ ಹಿಂಭಾಗಕ್ಕೆ ಎರಡು ಬೆರಳು ಇಡಿ. ಬೆಚ್ಚಗಿದ್ದರೆ ಸರಿ, ತೇವವಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಕೂಡಲೇ ಒಳಾಂಗಣಕ್ಕೆ ನಡೆಯಿರಿ. ಮೈ ತಣ್ಣಗಿದ್ದು ಮಗು ಮಂಕಾಗಿ ಹಾಲು ಕುಡಿಯುವುದನ್ನು ಬಿಟ್ಟರೆ ವೈದ್ಯರ ಬಳಿ ಹೋಗಿ, ತಡಮಾಡಬೇಡಿ.

ಬಯಲಿಗೆ ಬಂದ ಕೂಡಲೇ ಮಗುವಿನ ಒಂದು ಫೋಟೊ ತೆಗೆಯಿರಿ. ತಪ್ಪಿಸಿಕೊಂಡರೆ ಯಾವ ಬಣ್ಣದ ಟೋಪಿ ಎಂಬುದು ಗಾಬರಿಯಲ್ಲಿ ನೆನಪಾಗುವುದಿಲ್ಲ. ಮಣಿಕಟ್ಟಿನ ಒಳಬದಿಗೆ ನಿಮ್ಮ ಫೋನ್ ನಂಬರ್ ಬರೆಯಿರಿ. ಧ್ವನಿವರ್ಧಕದ ಎದುರು ನಿಲ್ಲಬೇಡಿ, ಗುಂಪಿನ ಅಂಚೇ ವಾಸಿ.

ಮಿಣುಕುವ ಕಿರೀಟ, ಹೊಳೆಯುವ ಕೋಲು ಕೊಡಿಸುವ ಮುನ್ನ ತಿರುಗಿಸಿ ನೋಡಿ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು ನಾನು ಮುಟ್ಟುವುದಿಲ್ಲ. ಒಳಗಿನ ಗುಂಡಿಯಂಥ ಬ್ಯಾಟರಿಯನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮೇಣದಬತ್ತಿ ನಿಮ್ಮ ಕೈಯಲ್ಲೇ ಇರಲಿ. ಮಗುವನ್ನು ಎತ್ತಿಕೊಂಡಾಗ ಬಿಸಿ ಲೋಟ ಹಿಡಿಯಬೇಡಿ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಸುಡುತ್ತದೆ, ಮಕ್ಕಳದಕ್ಕೆ ಅಷ್ಟೂ ಬೇಡ.

ಕೊನೆಯ ಹಾಡಿನವರೆಗೆ ಕಾಯಬೇಡಿ. ಟ್ರೀಯ ದೀಪ ಹೊತ್ತಿ, ಸಾಂತಾ ಕ್ಲಾಸ್ ಕೈಬೀಸಿದರೆ ಮಕ್ಕಳಿಗೆ ಹಬ್ಬ ಸಿಕ್ಕಿತು. ನಗುತ್ತಿರುವಾಗಲೇ ಹೊರಡಿ. ಮನೆಗೆ ಬಂದು ಮೊದಲು ಒಳಪದರ ಬದಲಿಸಿ. ಮರಗಟ್ಟಿದ ಪಾದವನ್ನು ಬಿಸಿನೀರಿಗೆ ಅದ್ದಬೇಡಿ, ಸುಡುತ್ತಿರುವುದು ಅದಕ್ಕೆ ತಿಳಿಯುವುದಿಲ್ಲ. ಒಣ ಕಾಲುಚೀಲ ಹಾಕಿ, ಮಡಿಲಲ್ಲಿ ಕೂರಿಸಿಕೊಂಡು, ಆ ಪುಟ್ಟ ಪಾದಗಳನ್ನು ನಿಮ್ಮ ಅಂಗೈಗಳ ನಡುವೆ ಇಟ್ಟುಕೊಳ್ಳಿ.