ಎರಡು ಫೋನ್ ಕೊಂದ ಮೇಲೆ ಮೂರನೆಯದು ರೂಟ್ ಆಯಿತು

ನನ್ನ ಮೇಜಿನ ಡ್ರಾಯರಿನಲ್ಲಿ ಎರಡು ಫೋನ್ ಮಲಗಿವೆ. ಒಂದು ಆನ್ ಆಗುವುದೇ ಇಲ್ಲ. ಇನ್ನೊಂದು ಆನ್ ಆಗುತ್ತೆ, ಆದರೆ ಅದು ಈಗ ಫೋನ್ ಅಲ್ಲ, ಹಾಡು ಹಾಕುವ ಡಬ್ಬ. ಎರಡನ್ನೂ ಕೊಂದವನು ನಾನೇ. ಹಾಗಾಗಿ ಮೂರನೆಯದನ್ನು ರೂಟ್ ಮಾಡುತ್ತೇನೆ, ಅಂದರೆ ಕಂಪನಿ ಬೀಗ ಹಾಕಿದ ಒಳಭಾಗಕ್ಕೂ ಪೂರ್ತಿ ಅಧಿಕಾರ ತೆಗೆದುಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಹೀಗೆ ಸತ್ತ ಫೋನಿಗೆ ಇಟ್ಟಿಗೆ ಅನ್ನುತ್ತಾರೆ. ತಮ್ಮ ಅಂತೂ, "ಮಾಡಣ್ಣ, ಮೂರು ಇಟ್ಟಿಗೆ ಆದ್ರೆ ಒಲೆ ಹೂಡಬಹುದು" ಅಂದ.

ಆ ಮೂರನೇ ಫೋನ್ ರೂಟ್ ಆಗಿ ಈಗ ಹದಿನೆಂಟು ತಿಂಗಳ ಮೇಲಾಯಿತು. ಸಣ್ಣಪುಟ್ಟದ್ದು ಬಿಟ್ಟರೂ ಆರೇಳು ಅಪ್‌ಡೇಟ್ ದಾಟಿದೆ. ಈ ಸಾಲುಗಳನ್ನೂ ಅದರಲ್ಲೇ ಬರೆಯುತ್ತಿದ್ದೇನೆ.

ಮೊದಲನೆಯದು 2016ರ ಕಥೆ. ಒಂದು ಬಟನ್ ಒತ್ತಿದರೆ ರೂಟ್ ಅನ್ನುವ ಆಪ್‌ಗಳ ಕಾಲ ಅದು. ಸಾಫ್ಟ್‌ವೇರಿನಲ್ಲಿ ಎಲ್ಲೋ ಇರುವ ತೂತು ಹುಡುಕಿ, ಅದರಲ್ಲಿ ನುಗ್ಗಿ, ಆಂಡ್ರಾಯ್ಡ್ ಕೂತಿರುವ ಸಿಸ್ಟಮ್ ಪಾರ್ಟಿಷನ್ (ಫೋನಿನ ಸಂಗ್ರಹದ ಒಂದು ಭಾಗ) ಒಳಗೆ ರೂಟ್ ಅಧಿಕಾರ ಕೊಡುವ ಸು ಫೈಲ್ ಕೂರಿಸಿ ಬರುತ್ತಿದ್ದವು. ನನಗೂ ಒತ್ತಿದ ಕೂಡಲೇ ರೂಟ್ ಸಿಕ್ಕಿತು. ಜೊತೆಗೆ ಕೇಳದೇ ಇದ್ದ ಎರಡು ಆಪ್, ಲಾಕ್ ಸ್ಕ್ರೀನ್ ತುಂಬ ಜಾಹೀರಾತು ಕೂಡ ಸಿಕ್ಕಿದವು. ಎರಡು ತಿಂಗಳಾದ ಮೇಲೆ ಕಂಪನಿಯ ಅಪ್‌ಡೇಟ್ ಬಂತು, ಹಿಡಿಯಲಿಲ್ಲ. ಆಂಡ್ರಾಯ್ಡ್ 5 ಬಂದಾಗಿನಿಂದ ಅಪ್‌ಡೇಟ್ ಸಿಸ್ಟಮ್ ಪಾರ್ಟಿಷನ್ನನ್ನು ಬ್ಲಾಕ್ ಲೆಕ್ಕದಲ್ಲಿ ನೋಡುತ್ತೆ. ಒಂದೇ ಒಂದು ಫೈಲ್ ಜಾಸ್ತಿ ಇದ್ದರೂ ಆಗಲ್ಲ ಅನ್ನುತ್ತೆ. ಸರಿ, ಪೂರ್ತಿ ಫರ್ಮ್‌ವೇರನ್ನೇ, ಅಂದರೆ ಫೋನಿನ ಇಡೀ ಸಾಫ್ಟ್‌ವೇರನ್ನೇ ಹೊಸದಾಗಿ ಹಾಕೋಣ ಅಂತ ಹೊರಟೆ. ಇಳಿಸಿಕೊಂಡ ಫೈಲಿನ ಮಾಡೆಲ್ ಹೆಸರು ನನ್ನ ಫೋನಿನದ್ದೇ, ಕೊನೆಯ ಒಂದು ಅಕ್ಷರ ಬೇರೆ. ಅಷ್ಟಕ್ಕೆ ಏನಾಗುತ್ತೆ ಅಂದುಕೊಂಡೆ. ಆದದ್ದು ಇಷ್ಟು: ಪರದೆ ಕಪ್ಪು, ಪವರ್ ಬಟನ್ ಎಷ್ಟು ಹೊತ್ತು ಹಿಡಿದರೂ ಅಲ್ಲಾಡಲ್ಲ, ಕಂಪ್ಯೂಟರಿಗೆ ಸಿಕ್ಕಿಸಿದರೆ 9008 ಅಂತ ಮಾತ್ರ ತೋರಿಸುತ್ತೆ. ಕ್ವಾಲ್‌ಕಾಮ್ ಚಿಪ್ಪಿನ ಫೋನ್ ಇಟ್ಟುಕೊಂಡವರಿಗೆ ಆ ನಂಬರ್ ನೋಡಿದರೆ ಹೊಟ್ಟೆ ಕಿವುಚುತ್ತೆ, ಫೋನ್ ಏಳಲಾರದೆ ತುರ್ತು ಸ್ಥಿತಿಗೆ ಬಿದ್ದಿದೆ ಅಂತ ಅದರ ಅರ್ಥ.

ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು ಅಂದರು. ಹೊಸ ಫೋನಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕೇಳಿದರು. ದೂರದಿಂದಲೇ ಜೀವ ಬರಿಸಿ ಕೊಡುತ್ತೇನೆ ಅಂದ ಒಬ್ಬನಿಗೆ ಮುಂಗಡ ಕೊಟ್ಟೆ. ದುಡ್ಡು ಕೈಸೇರಿದ ಮೇಲೆ ಅವನು ಉತ್ತರ ಕೊಡುವುದನ್ನೇ ನಿಲ್ಲಿಸಿದ. ಆ ಮುಂಗಡದಲ್ಲಿ ಎರಡು ಒಳ್ಳೆಯ ಕೇಬಲ್ ಬರುತ್ತಿತ್ತು, ಕೇಬಲ್ ಮಾತು ಆಮೇಲೆ ಬರುತ್ತೆ.

ಎರಡನೆಯದರ ಹೊತ್ತಿಗೆ ಮ್ಯಾಜಿಸ್ಕ್ ಅನ್ನುವ ರೂಟ್ ಸಾಧನ ಬಂದು ಹಳೆಯದಾಗಿತ್ತು, ಅದಕ್ಕೂ ಮುಂಚಿನ ಸೂಪರ್‌ಎಸ್‌ಯು ಮರೆತೇ ಹೋಗಿತ್ತು. ಮ್ಯಾಜಿಸ್ಕ್ ಸಿಸ್ಟಮ್ ಪಾರ್ಟಿಷನ್ ಮುಟ್ಟುವುದಿಲ್ಲ, ಫೋನನ್ನು ಏಳಿಸುವ ಬೂಟ್ ಇಮೇಜಿನ ಒಳಗೆ ಕೂತು ಎಲ್ಲರಿಗಿಂತ ಮೊದಲು ಏಳುತ್ತೆ. ನಾನು ಮಾಡಿದ ತಪ್ಪು ಸೋಮಾರಿತನದ್ದು. ಬೂಟ್ ಇಮೇಜನ್ನು ನಾನೇ ಪ್ಯಾಚ್ ಮಾಡುವ, ಅಂದರೆ ಅದರೊಳಗೆ ಮ್ಯಾಜಿಸ್ಕ್ ಸೇರಿಸುವ ಬದಲು ಬೇರೆ ಯಾರೋ ಪ್ಯಾಚ್ ಮಾಡಿ ಇಟ್ಟಿದ್ದನ್ನು ತಂದು ಹಾಕಿದೆ. ಫೋನ್ ಅದೇ, ಬಿಲ್ಡ್ ನಂಬರ್ (ಸಾಫ್ಟ್‌ವೇರಿನ ಆವೃತ್ತಿ) ಬೇರೆ. ಫೋನ್ ಎದ್ದಿತು, ವೈಫೈ ಏಳಲಿಲ್ಲ. ಸಾಫ್ಟ್‌ವೇರಿನ ತಿರುಳಾದ ಕರ್ನಲ್ ಒಂದು ಬಿಲ್ಡಿನದು, ವೈಫೈ ಮಾಡ್ಯೂಲ್ ಇನ್ನೊಂದು ಬಿಲ್ಡಿನದು. ಎರಡೂ ಮುಖ ತಿರುಗಿಸಿಕೊಂಡು ಕೂತಿದ್ದವು. ಮೂಲ ಬೂಟ್ ಇಮೇಜ್ ಕೈಯಲ್ಲಿದ್ದಿದ್ದರೆ ಎರಡು ನಿಮಿಷದ ಕೆಲಸ. ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಯಾರದೋ ಸಲಹೆ ನಂಬಿ ಮೋಡೆಮ್ ಎಸ್‌ಟಿ 1, ಎಸ್‌ಟಿ 2 ಅನ್ನುವ, ನೆಟ್‌ವರ್ಕಿನ ಮಾಹಿತಿ ಕೂತಿರುವ ಎರಡು ಪಾರ್ಟಿಷನ್ನನ್ನೂ ಅಳಿಸಿದೆ. ವೈಫೈ ಬರಲಿಲ್ಲ, ಇದ್ದ ನೆಟ್‌ವರ್ಕೂ ಹೋಯಿತು. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜಾಗದಲ್ಲಿ ಸೊನ್ನೆ. ಅದರ ಬ್ಯಾಕಪ್ ಕೂಡ ಇರಲಿಲ್ಲ. ಆಮೇಲೆ ಸರಿಯಾದ ಫರ್ಮ್‌ವೇರ್ ಸಿಕ್ಕಿ ವೈಫೈ ವಾಪಸ್ ಬಂತು, ಐಎಂಇಐ ಬರಲೇ ಇಲ್ಲ. ಹಾಡಿನ ಡಬ್ಬ ಅಂದೆನಲ್ಲ, ಅದು ಇದೇ.

ಎರಡು ಸಲವೂ ಕೈಕೊಟ್ಟಿದ್ದು ರೂಟ್ ಮಾಡುವ ವಿಧಾನ ಅಲ್ಲ. ಹಿಂದಕ್ಕೆ ಬರುವ ದಾರಿ ಹಾಕಿಕೊಳ್ಳದೆ ಮುಂದಕ್ಕೆ ಹೋಗಿದ್ದೆ. ಇದು ಹೊಳೆಯಲು ನನಗೆ ಎರಡು ಫೋನ್ ಖರ್ಚಾಯಿತು.

ಮೂರನೇ ಫೋನ್ ಆಂಡ್ರಾಯ್ಡ್ 12ರ ಜೊತೆ ಬಂದದ್ದು. ವಾರಂಟಿ ಮುಗಿಯುವ ತನಕ ಮುಟ್ಟಲಿಲ್ಲ. ಏಳುವಾಗ ಯಾವ ಸಾಫ್ಟ್‌ವೇರನ್ನು ಒಳಗೆ ಬಿಡಬೇಕು ಅಂತ ನೋಡುವ ಬೂಟ್‌ಲೋಡರಿನ ಬೀಗ ಬಿಚ್ಚಲು ಕಂಪನಿಯ ಅನುಮತಿ ಬೇಕಿತ್ತು, ಅದಕ್ಕೆ ಏಳು ದಿನ, ಅಂದರೆ 168 ಗಂಟೆ ಕಾಯಬೇಕು. ಬಹಳ ಜನ ಇದನ್ನು ಬೈಯುತ್ತಾರೆ. ನನಗೆ ಆ ಏಳು ದಿನವೇ ಒಳ್ಳೆಯದಾಯಿತು. ಫೋನಿನಲ್ಲಿರುವ ಬಿಲ್ಡ್ ನಂಬರನ್ನು ಕಾಗದದಲ್ಲಿ ಬರೆದುಕೊಂಡೆ. ಅಕ್ಷರ, ಚುಕ್ಕಿ ಸಮೇತ ಅದೇ ನಂಬರಿನ ಪೂರ್ತಿ ಫರ್ಮ್‌ವೇರ್ ಇಳಿಸಿದೆ. ನಾಲ್ಕು ಜಿಬಿ ಹತ್ತಿರ ಇತ್ತು. ಫೈಲ್ ಕೆಟ್ಟಿಲ್ಲ ಅಂತ ಖಾತ್ರಿ ಮಾಡುವ ಎಸ್‌ಎಚ್‌ಎ 256 ಮೊತ್ತ ತಾಳೆ ನೋಡಿದೆ. ಮೊದಲ ಸಲ ತಾಳೆ ಆಗಲಿಲ್ಲ! ಡೌನ್‌ಲೋಡ್ ಮಧ್ಯದಲ್ಲೇ ಎಲ್ಲೋ ಕೆಟ್ಟಿತ್ತು. ಹಳೆಯ ನಾನಾಗಿದ್ದರೆ ಅದನ್ನೇ ಹಾಕಿಬಿಡುತ್ತಿದ್ದೆ. ಮತ್ತೆ ಇಳಿಸಿ, ಅದರೊಳಗಿನ ಪೇಲೋಡ್ ಗಂಟು ಬಿಚ್ಚಿ, ಬೂಟ್ ಇಮೇಜ್ ಮತ್ತು ವಿಬಿಮೆಟಾ (ಇಮೇಜುಗಳು ಅಸಲಿಯೇ ಅಂತ ತಾಳೆ ನೋಡಲು ಬಳಸುವ ಫೈಲ್) ತೆಗೆದು ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟೆ.

ಬೂಟ್‌ಲೋಡರ್ ಬಿಚ್ಚಿದರೆ ಡೇಟಾ ಪೂರ್ತಿ ಅಳಿಸಿಹೋಗುತ್ತೆ ಅನ್ನುವುದು ಗೊತ್ತಿದ್ದ ವಿಷಯ. ಫೋಟೋ, ಕಾಂಟ್ಯಾಕ್ಟ್, ಚಾಟ್ ಎಲ್ಲ ತೆಗೆದಿಟ್ಟೆ. ಬಿಟ್ಟಿದ್ದು ಒಂದೇ, ಲಾಗಿನ್‌ಗೆ ಆರಂಕಿ ಕೋಡ್ ಕೊಡುತ್ತಲ್ಲ, ಆ ಅಥೆಂಟಿಕೇಟರ್ ಆಪ್. ಅದನ್ನು ಎಕ್ಸ್‌ಪೋರ್ಟ್ ಮಾಡಿರಲಿಲ್ಲ. ಫೋನ್ ಚೆನ್ನಾಗಿ ಅನ್‌ಲಾಕ್ ಆಯಿತು, ನನ್ನ ಅಕೌಂಟುಗಳೆಲ್ಲ ಲಾಕ್ ಆದವು. ವಾಪಸ್ ಪಡೆಯಲು ಮೂರು ದಿನ ಹಿಡಿಯಿತು. ಮೂರನೇ ಸಲವೂ ಪೂರ್ತಿ ಬುದ್ಧಿವಂತನಾಗಿರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

ಇನ್ನು ಕೇಬಲ್. ಅನ್‌ಲಾಕ್ ಆದ ದಿನವೇ, ಕಂಪ್ಯೂಟರಿನಿಂದ ಫೋನಿಗೆ ಇಮೇಜ್ ಕಳಿಸುವ ಫಾಸ್ಟ್‌ಬೂಟ್ ತಕರಾರು ತೆಗೆಯಿತು. ಒಮ್ಮೆ ಫೋನ್ ಕಾಣಿಸುತ್ತೆ, ಕಮ್ಯಾಂಡ್ ಕೊಟ್ಟರೆ ಸುಮ್ನೆ ಕೂತಿರುತ್ತೆ. ಡ್ರೈವರ್ ಮೂರು ಸಲ ತೆಗೆದು ಹಾಕಿದೆ. ಅರ್ಧ ಭಾನುವಾರ ಹೋಯಿತು. ಕೊನೆಗೆ ಯುಎಸ್‌ಬಿ 3 ಪೋರ್ಟ್ ಬಿಟ್ಟು ಹಳೆಯ ಯುಎಸ್‌ಬಿ 2 ಪೋರ್ಟಿಗೆ, ಬೇರೆ ಕೇಬಲ್‌ನಲ್ಲಿ ಸಿಕ್ಕಿಸಿದೆ. ಒಂದೇ ಏಟಿಗೆ ಕೆಲಸ ಮಾಡಿತು. ಚಾರ್ಜ್ ಆಗುವ ಕೇಬಲ್ಲೆಲ್ಲ ಡೇಟಾ ಕೇಬಲ್ ಅಲ್ಲ, ಗೊತ್ತಿದ್ದರೂ ಮರೆಯುತ್ತೇವೆ.

ಈಗ ನನ್ನ ಫೋನ್ ಉಳಿಸಿದ ಹೆಜ್ಜೆಗೆ ಬರುತ್ತೇನೆ. ಮ್ಯಾಜಿಸ್ಕ್ ಆಪ್‌ನಲ್ಲಿ ನನ್ನದೇ ಬೂಟ್ ಇಮೇಜ್ ಪ್ಯಾಚ್ ಮಾಡಿ ಕಂಪ್ಯೂಟರಿಗೆ ತಂದೆ. ಎಲ್ಲರೂ ಇಲ್ಲಿ ಫಾಸ್ಟ್‌ಬೂಟ್ ಫ್ಲ್ಯಾಶ್ ಬೂಟ್ ಅಂತ ಹೊಡೆಯುತ್ತಾರೆ, ಅದು ಇಮೇಜನ್ನು ನೇರ ಪಾರ್ಟಿಷನ್ ಮೇಲೆ ಬರೆದುಬಿಡುತ್ತೆ. ನಾನು ಫ್ಲ್ಯಾಶ್ ಪದ ಬಿಟ್ಟು, ಫಾಸ್ಟ್‌ಬೂಟ್ ಬೂಟ್ ಅಂತ ಬರೆದು ಫೈಲ್ ಹೆಸರು ಕೊಟ್ಟೆ. ಆಗ ಫೋನ್ ಆ ಇಮೇಜನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಒಂದು ಸಲ ಮಾತ್ರ ಏಳುತ್ತೆ. ಪಾರ್ಟಿಷನ್ ಮೇಲೆ ಏನೂ ಬರೆಯುವುದಿಲ್ಲ. ಎದ್ದರೆ ಸರಿ. ಲೋಗೋದಲ್ಲೇ ನಿಂತರೆ ಪವರ್ ಬಟನ್ ಒತ್ತಿ ಹಿಡಿದರೆ ಆಯಿತು, ಹಳೆಯ ಬೂಟ್ ಇದ್ದ ಹಾಗೇ ಇರುತ್ತೆ. ನನ್ನದು ಮೊದಲ ಸಲ ಲೋಗೋದಲ್ಲೇ ನಿಂತಿತು! ಎದೆ ಧಸಕ್ ಅಂದಿತು. ರೀಸ್ಟಾರ್ಟ್ ಮಾಡಿದೆ, ಏನೂ ಆಗದವರ ಹಾಗೆ ಎದ್ದು ಕೂತಿತು. ನೋಡಿದರೆ ಪೆನ್‌ಡ್ರೈವಿನಲ್ಲಿದ್ದ ಎರಡನೇ ಫೋನಿನ ಇಮೇಜನ್ನು ಕೊಟ್ಟಿದ್ದೆ. ಎರಡೂ ಫೈಲಿಗೆ ಒಂದೇ ಹೆಸರು. ಫ್ಲ್ಯಾಶ್ ಹೊಡೆದಿದ್ದರೆ ತಮ್ಮನ ಒಲೆ ಅವತ್ತೇ ಹೂಡಿಯಾಗುತ್ತಿತ್ತು.

ಸರಿಯಾದ ಇಮೇಜ್ ಕೊಟ್ಟ ಮೇಲೆ ಎದ್ದಿತು. ಮ್ಯಾಜಿಸ್ಕ್ ತೆಗೆದು ನೋಡಿದೆ, ಇನ್‌ಸ್ಟಾಲ್ ಆಗಿದೆ ಅಂತ ವರ್ಷನ್ ನಂಬರ್ ತೋರಿಸಿತು. ಆಮೇಲೆ ಅದರೊಳಗಿಂದಲೇ ಡೈರೆಕ್ಟ್ ಇನ್‌ಸ್ಟಾಲ್ ಕೊಟ್ಟೆ. ಅಲ್ಲಿಗೆ ಶಾಶ್ವತ. ವಿಬಿಮೆಟಾ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಎಲ್ಲ ಫೋನಿಗೂ ವಿಬಿಮೆಟಾ ವೆರಿಫಿಕೇಶನ್ ತೆಗೆಯಲೇಬೇಕು ಅನ್ನುವವರ ಮಾತು ಕೇಳಬೇಡಿ, ಮೊದಲು ಮುಟ್ಟದೆ ಮಾಡಿ ನೋಡಿ.

ರೂಟ್ ಸಿಕ್ಕ ಮೇಲೆ ಜಾಹೀರಾತು ತೆಗೆಯಲು ಓಡಲಿಲ್ಲ. ಮೊದಲ ಕೆಲಸ, ಮೋಡೆಮ್ ಎಸ್‌ಟಿ 1, ಎಸ್‌ಟಿ 2, ಎಫ್‌ಎಸ್‌ಜಿ, ಪರ್ಸಿಸ್ಟ್, ಈ ನಾಲ್ಕು ಪಾರ್ಟಿಷನ್ನನ್ನು ಡಿಡಿ ಅನ್ನುವ ನಕಲು ಕಮ್ಯಾಂಡ್‌ನಲ್ಲಿ ತೆಗೆದು ಕಂಪ್ಯೂಟರಿಗೆ ಕಳಿಸಿದೆ. ಎಲ್ಲ ಸೇರಿ ಒಂದು ಐವತ್ತು ಎಂಬಿ ಇರಬಹುದು. ಆ ಐವತ್ತು ಎಂಬಿ ಇದ್ದಿದ್ದರೆ ಎರಡನೇ ಫೋನ್ ಇವತ್ತಿಗೂ ಮಾತಾಡುತ್ತಿತ್ತು. ಮೀಡಿಯಾಟೆಕ್ ಚಿಪ್ಪಿನ ಫೋನಿನವರು ಎನ್‌ವಿರ‍್ಯಾಮ್, ಎನ್‌ವಿಡೇಟಾ ತೆಗೆದಿಡಬೇಕು. ಇವು ಆಯಾ ಫೋನಿನ ಸ್ವಂತದ್ದು. ಇನ್ನೊಬ್ಬರದ್ದು ತಂದು ಹಾಕುವ ಹಾಗಿಲ್ಲ, ನಿಮ್ಮದನ್ನು ಯಾರಿಗೂ ಕೊಡಲೂಬೇಡಿ.

ಹದಿನೆಂಟು ತಿಂಗಳಲ್ಲಿ ಒಂದೇ ಒಂದು ಸಲ ಬೂಟ್‌ಲೂಪ್ ಆಯಿತು, ಪೂರ್ತಿ ಏಳದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇತ್ತು. ಚೆಂದದ ಫಾಂಟ್ ಬೇಕು ಅಂತ ಮ್ಯಾಜಿಸ್ಕ್‌ಗೆ ಸೇರಿಸುವ ಒಂದು ಮಾಡ್ಯೂಲ್ ಹಾಕಿದ್ದೆ. ಗಾಬರಿ ಆಗಲಿಲ್ಲ, ಸುಳ್ಳು ಯಾಕೆ, ಸ್ವಲ್ಪ ಆಯಿತು. ಫೋನ್ ಏಳುವಾಗ ವಾಲ್ಯೂಮ್ ಕೆಳಗಿನ ಬಟನ್ ಹಿಡಿದು ಸೇಫ್ ಮೋಡಿಗೆ ಹೋದರೆ ಮ್ಯಾಜಿಸ್ಕ್ ಎಲ್ಲ ಮಾಡ್ಯೂಲುಗಳನ್ನೂ ತಾನೇ ಆಫ್ ಮಾಡಿಬಿಡುತ್ತೆ. ಮತ್ತೆ ರೀಸ್ಟಾರ್ಟ್ ಮಾಡಿ ಫಾಂಟ್ ಕಿತ್ತು ಹಾಕಿದೆ. ಕಂಪ್ಯೂಟರ್ ಹತ್ತಿರವಿದ್ದರೆ ಅಲ್ಲಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಸಾಧನದಿಂದ ರಿಮೂವ್ ಮಾಡ್ಯೂಲ್ಸ್ ಕಮ್ಯಾಂಡ್ ಕೂಡ ಕೊಡಬಹುದು, ಆದರೆ ಯುಎಸ್‌ಬಿ ಡೀಬಗಿಂಗ್ ಅನುಮತಿ ಮೊದಲೇ ಕೊಟ್ಟಿರಬೇಕು.

ಅಪ್‌ಡೇಟ್ ಬಂದರೆ ಹೀಗೆ ಮಾಡುತ್ತೇನೆ. ಮ್ಯಾಜಿಸ್ಕ್‌ನಲ್ಲಿ ರಿಸ್ಟೋರ್ ಇಮೇಜಸ್ ಕೊಟ್ಟು ಮೂಲ ಬೂಟ್ ವಾಪಸ್ ಕೂರಿಸಬೇಕು. ಅಪ್‌ಡೇಟ್ ಇಳಿದು ಇನ್‌ಸ್ಟಾಲ್ ಆಗಲಿ, ಆದರೆ ರೀಸ್ಟಾರ್ಟ್ ಒತ್ತಬಾರದು. ಹಾಗೇ ಮ್ಯಾಜಿಸ್ಕ್‌ಗೆ ವಾಪಸ್ ಬಂದು ಇನ್ನೊಂದು ಸ್ಲಾಟಿಗೆ ಇನ್‌ಸ್ಟಾಲ್ ಕೊಟ್ಟು, ಅಲ್ಲಿಂದ ರೀಸ್ಟಾರ್ಟ್. ಸಾಫ್ಟ್‌ವೇರಿನ ಎರಡು ಪ್ರತಿಗೆ ಜಾಗ ಇಡುವ, ಅಂದರೆ ಎರಡು ಸ್ಲಾಟ್ ಇರುವ ಫೋನಿಗೆ ಮಾತ್ರ ಇದು. ಒಂದು ಸಲ ನಿದ್ದೆಗಣ್ಣಿನಲ್ಲಿ ರೀಸ್ಟಾರ್ಟ್ ಒತ್ತಿದೆ. ರೂಟ್ ಹೋಯಿತು, ಫೋನಿಗೆ ಏನೂ ಆಗಲಿಲ್ಲ. ಹೊಸ ಬಿಲ್ಡಿನ ಬೂಟ್ ಇಮೇಜ್ ತೆಗೆದು ಮತ್ತೆ ಮೊದಲಿಂದ, ಅರ್ಧ ಗಂಟೆ.

ರೂಟ್ ಆದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆಪ್ ಓಡಲು ಒಪ್ಪುವುದಿಲ್ಲ, ಅದೇನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಮ್ಯಾಜಿಸ್ಕ್‌ನ ಝೈಗಿಸ್ಕ್ ಸೌಲಭ್ಯ ಆನ್ ಮಾಡಿ, ರೂಟ್ ಕಾಣಬಾರದ ಆಪ್‌ಗಳ ಪಟ್ಟಿಯಾದ ಡಿನೈಲಿಸ್ಟಿಗೆ ಹಾಕಿದ ಮೇಲೆ ಒಂದು ಆಪ್ ಸುಮ್ಮನಾಯಿತು. ಇನ್ನೊಂದು ಒಪ್ಪಲಿಲ್ಲ, ಅದನ್ನೂ ಒಪ್ಪಿಸಿದೆ. ಹೇಗೆ ಅಂತ ಇಲ್ಲಿ ಬರೆಯಲ್ಲ. ಬರೆದರೆ ನಾಳೆಯೇ ಆ ಕಿಂಡಿ ಮುಚ್ಚುತ್ತೆ, ಅಲ್ವಾ. ಅಷ್ಟಾಗಿಯೂ ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಎರಡೂ ಕೈಯೆತ್ತಿದವು. ಫೋನನ್ನು ನಂಬಬಹುದೇ ಅಂತ ಆಪ್‌ಗಳಿಗೆ ಹೇಳುವ ಗೂಗಲ್‌ನ ಪ್ಲೇ ಇಂಟೆಗ್ರಿಟಿಯಲ್ಲಿ ಬೇಸಿಕ್, ಡಿವೈಸ್, ಸ್ಟ್ರಾಂಗ್ ಅಂತ ಮೂರು ಮಟ್ಟ ಇವೆ. ಸ್ಟ್ರಾಂಗ್ ಕೇಳುವ ಆಪ್‌ಗೆ ಫೋನಿನ ಚಿಪ್ಪೇ ಸಾಕ್ಷಿ ಹೇಳಬೇಕು. ಬೂಟ್‌ಲೋಡರ್ ಬಿಚ್ಚಿದ್ದರೆ ಚಿಪ್ ಅದನ್ನೂ ಹೇಳಿಬಿಡುತ್ತೆ. ಈ ಓಟದಲ್ಲಿ ಗೆಲ್ಲುವುದು ನನ್ನ ಕೆಲಸವಲ್ಲ ಅನಿಸಿತು. ದುಡ್ಡಿನ ಆಪ್‌ಗಳನ್ನೆಲ್ಲ ರೂಟ್ ಇಲ್ಲದ ಇನ್ನೊಂದು ಹಳೆಯ ಫೋನಿಗೆ ಹಾಕಿದೆ. ಯೋಚಿಸಿದರೆ ಅದೇ ಸರಿ. ರೂಟ್ ಪಡೆದ ಆಪ್ ಇನ್ನೊಂದು ಆಪಿನ ಡೇಟಾ ಓದಬಲ್ಲದು. ಹಾಗಾಗಿ ನನ್ನ ಫೋನಿನಲ್ಲಿ ರೂಟ್ ಅನುಮತಿ ಇರುವುದು ನಾಲ್ಕೇ ಆಪ್‌ಗೆ. ಹೊಸದು ಕೇಳಿದರೆ ಬೆರಳಚ್ಚು ಕೊಡಬೇಕು.

ನಡುವೆ ಏನೇನೋ ಪ್ರಯೋಗ ಮಾಡಿದೆ. ಪ್ರೊಸೆಸರಿನ ವೇಗಕ್ಕೆ ಮೂಗುದಾರ ಹಾಕಿದೆ. ಬ್ಯಾಟರಿ ಅರ್ಧ ಗಂಟೆ ಜಾಸ್ತಿ ಬಂತು, ಕ್ಯಾಮೆರಾ ತೆರೆಯುವಷ್ಟರಲ್ಲಿ ಫೋಟೋ ತೆಗೆಯಬೇಕಿದ್ದ ಹಕ್ಕಿ ಹಾರಿಹೋಗುತ್ತಿತ್ತು. ಬಿಟ್ಟೆ. ಝಡ್‌ರ‍್ಯಾಮ್ (ಮೆಮೊರಿಯಲ್ಲೇ ಡೇಟಾ ಒತ್ತಿಡುವ ಜಾಗ) ಹೆಚ್ಚಿಸಿದೆ, ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ವೆಬ್ ವಿಳಾಸಗಳ ಪಟ್ಟಿಯಾದ ಹೋಸ್ಟ್ಸ್ ಫೈಲಿನಿಂದ ಜಾಹೀರಾತು ತಡೆದೆ. ಚೆನ್ನಾಗಿತ್ತು, ಆದರೆ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ತಡೆಯುವ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡರೆ ರೂಟ್ ಇಲ್ಲದೆಯೂ ಬಹುಪಾಲು ಆಗುತ್ತೆ. ಕಂಪನಿ ತುಂಬಿ ಕಳಿಸಿದ ಬೇಡದ ಆಪ್‌ಗಳಿಗೂ ರೂಟ್ ಬೇಡ, ಎಡಿಬಿ ಸಾಕು. ಬರೀ ಅದಕ್ಕೋಸ್ಕರ ರೂಟ್ ಮಾಡುವವರಿದ್ದರೆ ದಯವಿಟ್ಟು ಬೇಡ.

ನನಗೆ ನಿಜವಾಗಿ ಲಾಭ ಕೊಟ್ಟಿದ್ದು ಚಾರ್ಜಿಂಗ್ ಮಿತಿ. ಚಾರ್ಜನ್ನು ಹಿಡಿತದಲ್ಲಿಡುವ ಎಸಿಸಿ ಮಾಡ್ಯೂಲ್ ಹಾಕಿ ಶೇಕಡಾ 80ಕ್ಕೆ ಚಾರ್ಜ್ ನಿಲ್ಲುವ ಹಾಗೆ, 70ಕ್ಕೆ ಮತ್ತೆ ಶುರುವಾಗುವ ಹಾಗೆ ಮಾಡಿದೆ. ರೂಟ್ ಮಾಡಿದ ದಿನ ಬ್ಯಾಟರಿ ತುಂಬಿದಾಗ ಎಷ್ಟು ಹಿಡಿಯುತ್ತೆ ಅಂತ ಹೇಳುವ ಚಾರ್ಜ್ ಫುಲ್ ಫೈಲ್ ತೆಗೆದು ನೋಡಿದಾಗ 5000 ಎಂಎಎಚ್‌ಗೆ 4500 ಚಿಲ್ಲರೆ ಉಳಿದಿತ್ತು. ಈಗ 4400 ಆಸುಪಾಸು. ರೂಟಿಗೆ ಮುಂಚಿನ ಒಂದು ವರ್ಷದಲ್ಲೇ ಐನೂರರ ಹತ್ತಿರ ಕಳೆದುಕೊಂಡಿದ್ದ ಬ್ಯಾಟರಿ ಆಮೇಲಿನ ಹದಿನೆಂಟು ತಿಂಗಳಲ್ಲಿ ನೂರು ಚಿಲ್ಲರೆ ಕಳೆದುಕೊಂಡಿದೆ. ಮೀಟರ್ ಸ್ವಲ್ಪ ಆಚೀಚೆ ಇರಬಹುದು, ಆದರೂ ಬ್ಯಾಟರಿ ಬದಲಿಸುವ ಖರ್ಚು ಉಳಿಯಿತು. ಈ ವರ್ಷ ಹೊಸ ಫೋನ್ ಕೊಳ್ಳುವ ಮಾತೂ ಎದ್ದಿಲ್ಲ. ಲೆಕ್ಕ ಹಾಕಿದರೆ ಮೊದಲ ಎರಡು ಫೋನಿನ ನಷ್ಟ ಇನ್ನೂ ತುಂಬಿಲ್ಲ ಅನ್ನುವುದು ಬೇರೆ ಮಾತು.

ಒಂದು ಎಚ್ಚರಿಕೆ ಬಿಟ್ಟುಹೋಯಿತು. ಸಾಕು ಅನಿಸಿ ಬೂಟ್‌ಲೋಡರ್ ಮತ್ತೆ ಲಾಕ್ ಮಾಡುವುದಾದರೆ, ಮೊದಲು ಎಲ್ಲ ಪಾರ್ಟಿಷನ್ನಿಗೂ ಕಂಪನಿಯ ಮೂಲ ಇಮೇಜ್ ಹಾಕಿ, ಒಮ್ಮೆ ಏಳುವುದನ್ನು ನೋಡಿ, ಆಮೇಲೆ ಲಾಕ್ ಮಾಡಿ. ಲಾಕ್ ಮಾಡಿದರೂ ಡೇಟಾ ಅಳಿಯುತ್ತೆ. ಮ್ಯಾಜಿಸ್ಕ್ ಕೂತಿರುವಾಗಲೇ ಲಾಕ್ ಮಾಡಿದರೆ ಫೋನ್ ತನ್ನ ಬೂಟನ್ನೇ ನಂಬುವುದಿಲ್ಲ, ಏಳುವುದೂ ಇಲ್ಲ.

ಹೋದ ವಾರ ತಮ್ಮ ತನ್ನ ಫೋನ್ ತಂದು ಮೇಜಿನ ಮೇಲಿಟ್ಟ. "ನಂದಕ್ಕೂ ಆ 80ರ ಮಿತಿ ಹಾಕಿ ಕೊಡಣ್ಣ." ಅದು ಆಂಡ್ರಾಯ್ಡ್ 13ರ ಜೊತೆ ಬಂದ ಫೋನ್. ಅದರಲ್ಲಿ ಪ್ಯಾಚ್ ಮಾಡಬೇಕಾದದ್ದು ಬೂಟ್ ಅಲ್ಲ, ಇನಿಟ್ ಬೂಟ್ ಅನ್ನುವ ಬೇರೆ ಇಮೇಜ್. ಅದರೊಳಗೆ ಕರ್ನಲ್ಲೇ ಇಲ್ಲ, ಹಾಗಾಗಿ ಮೆಮೊರಿಯಲ್ಲಿ ಏಳಿಸಿ ನೋಡುವ ನನ್ನ ಟ್ರಿಕ್ ಅಲ್ಲಿ ನಡೆಯುವುದಿಲ್ಲ. ನೇರವಾಗಿ ಫ್ಲ್ಯಾಶ್ ಹೊಡೆಯಲೇಬೇಕು. ಮೂಲ ಇಮೇಜ್ ಎರಡು ಕಡೆ ಇಟ್ಟಾಗಿದೆ, ಈ ಸಲ ಫೈಲ್ ಹೆಸರೂ ಬೇರೆ ಬೇರೆ ಇದೆ. ಅಥೆಂಟಿಕೇಟರ್ ಎಕ್ಸ್‌ಪೋರ್ಟ್ ಮಾಡಿಕೊಂಡು ಬಾ ಅಂತ ವಾಪಸ್ ಕಳಿಸಿದ್ದೇನೆ. ಅವನ 168 ಗಂಟೆಯಲ್ಲಿ ಇನ್ನೂ ಎರಡು ದಿನ ಬಾಕಿ ಇದೆ.