ಯಕ್ಷಗಾನದ ರಾತ್ರಿಯ ರಾ ಚಿತ್ರಗಳನ್ನು ಮೊಬೈಲ್‌ನಲ್ಲಿ ಸಂಸ್ಕರಿಸುವ ಬಗೆ

ಕತ್ತಲ ಬಯಲಿನ ನಡುವೆ ಪ್ರಖರವಾಗಿ ಬೆಳಗುವ ರಂಗಸ್ಥಳ, ಅಲ್ಲಿ ಕೆಂಪು ಉಡುಗೆ, ಹೊಂಬಣ್ಣದ ಕಿರೀಟ ಮತ್ತು ಬಣ್ಣದ ವೇಷದ ಮುಖದ ಮೇಲಿನ ಬಿಳಿಯ ಚುಟ್ಟಿ ಎಂಬ ಅಲಂಕಾರ: ಯಕ್ಷಗಾನದಷ್ಟು ಕ್ಯಾಮೆರಾವನ್ನು ಪರೀಕ್ಷಿಸುವ ವಿಷಯ ಅಪರೂಪ. ಜೆಪೆಗ್ ಚಿತ್ರದಲ್ಲಿ ಪ್ರತಿ ವರ್ಣಕ್ಕೆ 256 ಮಟ್ಟಗಳು ಮಾತ್ರ ಇರುತ್ತವೆ. ರಾ ಎಂದರೆ ಸಂವೇದಕ ಹಿಡಿದ ಮಾಹಿತಿಯನ್ನು ಹೆಚ್ಚು ಸಂಸ್ಕರಿಸದೆ ಉಳಿಸಿದ ಕಡತ; 12 ಬಿಟ್‌ನ ಅಂಥ ಕಡತದಲ್ಲಿ 4,096 ಇರುತ್ತವೆ. ಕಪ್ಪಾಗಿ ಕಂಡ ಮುಖವನ್ನು ಬೆಳಗಿಸಲು, ಬಿಳಿಚಿಕೊಂಡ ಚುಟ್ಟಿಯ ಎಳೆಗಳನ್ನು ಮರಳಿ ಕಾಣಿಸಲು ನೆರವಾಗುವುದು ಈ ಹೆಚ್ಚುವರಿ ಮಾಹಿತಿಯೇ.

ಆಂಡ್ರಾಯ್ಡ್‌ನಲ್ಲಿ 2014ರ 5.0 ಆವೃತ್ತಿಯಿಂದ, ಐಫೋನಿನಲ್ಲಿ 2016ರ ಐಓಎಸ್ 10ರಿಂದ ಆ್ಯಪ್‌ಗಳು ರಾ ಚಿತ್ರ ತೆಗೆಯುವುದು ಸಾಧ್ಯವಾಗಿದೆ. ಆದರೆ ಎಲ್ಲ ಫೋನುಗಳಲ್ಲೂ ಈ ಸೌಲಭ್ಯವಿಲ್ಲ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ರಾ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಿ. ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಾದರೆ, ವೈಫೈ ಮೂಲಕ ಬರುವುದು ಅನೇಕ ಸಲ ಕುಗ್ಗಿಸಿದ ಜೆಪೆಗ್ ಪ್ರತಿಯಾಗಿರುವುದರಿಂದ, ಕಾರ್ಡ್ ರೀಡರ್ ಅನ್ನು ಫೋನಿಗೆ ಜೋಡಿಸಿ ಮೂಲ ಕಡತವನ್ನೇ ಇಳಿಸಿಕೊಳ್ಳುವುದು ಉತ್ತಮ. ತೆಗೆಯುವಾಗಲೇ ಎಕ್ಸ್‌ಪೋಶರ್ ಅನ್ನು, ಅಂದರೆ ಚಿತ್ರಕ್ಕೆ ದೊರೆಯುವ ಬೆಳಕಿನ ಪ್ರಮಾಣವನ್ನು, ತುಸು ಕಡಿಮೆ ಇಟ್ಟುಕೊಳ್ಳಿ. ಸಂವೇದಕದಲ್ಲಿ ಪೂರ್ತಿ ಸುಟ್ಟುಹೋದ ಬಿಳಿಯನ್ನು ಯಾವ ಆ್ಯಪ್ ಕೂಡ ಮರಳಿಸಲಾರದು.

ಚಿತ್ರ ತಿದ್ದುವ ಆ್ಯಪ್ ಆದ ಸ್ನ್ಯಾಪ್‌ಸೀಡ್‌ನಲ್ಲಿ ರಾ ಕಡತಗಳಿಗೆಂದೇ ಡೆವಲಪ್ ಎಂಬ ಸಾಧನವಿದೆ. ಲೈಟ್‌ರೂಮ್‌ನಲ್ಲಿ ಹಿಡಿತ ಇನ್ನೂ ಹೆಚ್ಚು. ಆ್ಯಪ್ ಯಾವುದೇ ಇರಲಿ, ಕೆಲಸ ಆರಂಭಿಸುವ ಮೊದಲು ಪರದೆಯ ಸ್ವಯಂಚಾಲಿತ ಪ್ರಕಾಶವನ್ನೂ ರಾತ್ರಿಯ ಹಳದಿ ಛಾಯೆಯನ್ನೂ ಆರಿಸಿ, ಪ್ರಕಾಶವನ್ನು ಮಧ್ಯಮ ಮಟ್ಟದಲ್ಲಿ ನಿಲ್ಲಿಸಿ. ಇಲ್ಲವಾದರೆ ನೀವು ತಿದ್ದುವುದು ಚಿತ್ರವನ್ನಲ್ಲ, ಪರದೆಯ ದೋಷವನ್ನು.

ಮೊದಲು ವೈಟ್ ಬ್ಯಾಲೆನ್ಸ್ (ಬಿಳಿಯು ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹೊಂದಾಣಿಕೆ) ಸರಿಪಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಅದು ಬದಲಾದರೆ ಕೆಂಪು, ಹಸಿರು, ನೀಲಿಯ ಪ್ರಮಾಣಗಳೆಲ್ಲ ಬದಲಾಗಿ, ಮೊದಲೇ ಮಾಡಿದ ಎಕ್ಸ್‌ಪೋಶರ್ ಲೆಕ್ಕ ತಪ್ಪುತ್ತದೆ. ಚೆಂಡೆಯವರ ಬಿಳಿ ಪಂಚೆ ಚಿತ್ರದಲ್ಲಿದ್ದರೆ, ಸುಟ್ಟುಹೋಗದ ಒಂದು ಭಾಗದ ಮೇಲೆ ವೈಟ್ ಬ್ಯಾಲೆನ್ಸ್‌ನ ಬಣ್ಣ ಆಯುವ ಸಾಧನವನ್ನು ಇಟ್ಟು ನೋಡಿ. ಅದು ಕೊಡುವ ಫಲಿತಾಂಶವನ್ನು ಪೂರ್ತಿಯಾಗಿ ಒಪ್ಪಬೇಕಿಲ್ಲ. ರಂಗದ ದೀಪಕ್ಕೆ ಸಹಜವಾದ ಬೆಚ್ಚನೆಯ ಛಾಯೆ ಸ್ವಲ್ಪ ಉಳಿದರೆ ಮಾತ್ರ ಅದು ಆಟದ ರಾತ್ರಿಯಂತೆ ಕಾಣುತ್ತದೆ. ಬಣ್ಣ ಬಣ್ಣದ ದೀಪಗಳು ಬೆರೆತಿರುವಲ್ಲಿ ಎಲ್ಲ ವೇಷಗಳಿಗೂ ಒಂದೇ ಅಳತೆ ಹೊಂದುವುದಿಲ್ಲವಾದ್ದರಿಂದ, ಮುಖ್ಯ ವೇಷದ ಮುಖವನ್ನೇ ಆಧಾರವಾಗಿಟ್ಟುಕೊಳ್ಳಿ.

ಆಮೇಲೆ ಹೈಲೈಟ್ಸ್ (ಹೆಚ್ಚು ಬೆಳಕಿನ ಭಾಗಗಳು) ಇಳಿಸಿ, ಚುಟ್ಟಿಯ ಎಳೆಗಳು ಬಿಡಿಬಿಡಿಯಾಗಿ ಕಾಣುವವರೆಗೆ. ಈ ಹಂತದಲ್ಲಿ ಹಿಸ್ಟೋಗ್ರಾಮ್ (ಕತ್ತಲಿನಿಂದ ಬೆಳಕಿನವರೆಗಿನ ಹಂಚಿಕೆಯನ್ನು ತೋರುವ ನಕ್ಷೆ) ತೆರೆದಿಟ್ಟುಕೊಂಡು ಕೆಂಪು ರೇಖೆಯನ್ನು ಪ್ರತ್ಯೇಕವಾಗಿ ಗಮನಿಸಬೇಕು: ಒಟ್ಟಾರೆ ಬೆಳಕು ಸರಿಯಿದ್ದರೂ ಕೆಂಪು ಮಾತ್ರ ಬಲ ಅಂಚಿಗೆ ಬಡಿದು ನಿಂತಿರುವುದುಂಟು, ಆಗ ಉಡುಗೆಯ ನೆರಿಗೆಗಳೆಲ್ಲ ಕರಗಿ ಅದು ಬಣ್ಣ ಬಳಿದ ರಟ್ಟಿನಂತೆ ಕಾಣುತ್ತದೆ. ಅಂಥಲ್ಲಿ ಎಕ್ಸ್‌ಪೋಶರ್ ಇಳಿಸಿ, ಬಣ್ಣಗಳ ವಿಭಾಗದಲ್ಲಿ ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಅನ್ನು ಕೊಂಚ ತಗ್ಗಿಸಿದರೆ ನೆರಿಗೆಗಳು ಮತ್ತೆ ಮೂಡುತ್ತವೆ. ಶ್ಯಾಡೋಸ್ (ಕತ್ತಲ ಭಾಗಗಳು) ವಿಷಯದಲ್ಲಿ ಮಾತ್ರ ದಯವಿಟ್ಟು ಸಂಯಮವಿರಲಿ. ಹಿನ್ನೆಲೆಯ ಕತ್ತಲು ಈ ಚಿತ್ರದ ಅಂಗವೇ ಆಗಿದೆ. ಅದನ್ನು ಬೆಳಗಿಸಿದರೆ ವೇಷದ ತೇಜಸ್ಸೇ ಕುಂದುತ್ತದೆ, ಜೊತೆಗೆ ಅಲ್ಲಿ ಅಡಗಿದ್ದ ನಾಯ್ಸ್, ಅಂದರೆ ಬೇಡದ ಚುಕ್ಕೆ-ಕಣಗಳು, ಮೇಲೇಳುತ್ತವೆ. ಮುಖ ಒಂದೇ ಕಪ್ಪಾಗಿದ್ದರೆ ಆಯ್ದ ಭಾಗವನ್ನು ಮಾತ್ರ ತಿದ್ದಲು ಬಿಡುವ ಮಾಸ್ಕ್ ಬಳಸಿ ಅದನ್ನಷ್ಟೇ ಬೆಳಗಿಸಿ.

ನಾಯ್ಸ್ ಎರಡು ಬಗೆಯದು. ಬಣ್ಣದ ಚುಕ್ಕೆಗಳನ್ನು ಧಾರಾಳವಾಗಿ ತೆಗೆಯಬಹುದು. ಬೆಳಕಿನ ಕಣಗಳನ್ನು ಅತಿಯಾಗಿ ಒರೆಸಿದರೆ ಕಿರೀಟದ ಸೂಕ್ಷ್ಮ ಕೆತ್ತನೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಕಿರೀಟವನ್ನೇ ನೋಡುತ್ತ ಈ ಅಳತೆಯನ್ನು ನಿರ್ಧರಿಸಿ.

ಕೊನೆಗೆ, ಬಹುತೇಕ ಪರದೆಗಳಲ್ಲಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯಲ್ಲಿ ಜೆಪೆಗ್ ಆಗಿ ರಫ್ತು ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಮೇಳದವರಿಗೋ ಕಲಾವಿದರಿಗೋ ಕಳುಹಿಸುವಾಗ ಫೋಟೋ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ. ಐಫೋನಿನ ರಾ ಮಾದರಿಯಾದ ಪ್ರೊರಾದಲ್ಲಿ 48 ಮೆಗಾಪಿಕ್ಸೆಲ್‌ನ ಒಂದು ಕಡತವೇ ಸುಮಾರು 75 ಎಂಬಿ ಆಗುವುದರಿಂದ ಫೋನು ಬೇಗ ತುಂಬುತ್ತದೆ. ಆಯ್ದ ಮೂಲ ಕಡತಗಳನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸಿ, ಅಲ್ಲಿ ಅವು ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿದ ಮೇಲಷ್ಟೇ ಫೋನಿನಿಂದ ಅಳಿಸಿ.